ಬೆಲ್ ಏರ್, ಕ್ಯಾಡಿಲಾಕ್, ಕಾಂಟಿನೆಂಟಲ್: ಯಾರಿಗೆ ಯಾವುದು?

ಹಳೆಯ ಅಮೆರಿಕನ್ ಕಾರು ಕೊಳ್ಳುವುದಾದರೆ ಮೊದಲು ಗ್ಯಾರೇಜ್ ಅಳೆಯಿರಿ. 1959ರ ಕ್ಯಾಡಿಲಾಕ್ ಸುಮಾರು 5.7 ಮೀಟರ್ ಉದ್ದ. 1961ರ ಲಿಂಕನ್ ಕಾಂಟಿನೆಂಟಲ್ 5.4, 1957ರ ಶೆವ್ರೊಲೆ ಬೆಲ್ ಏರ್ 5.1.

ಸ್ವತಃ ರಿಪೇರಿ ಮಾಡಿಕೊಂಡು ಓಡಿಸುವವರಿಗೆ ಬೆಲ್ ಏರ್ ಸರಿ. ಅದರ ಎಂಟು ಸಿಲಿಂಡರಿನ ವಿ8 ಎಂಜಿನ್ನಿನ ಸೋರಿಕೆ ತಡೆಯುವ ಗ್ಯಾಸ್ಕೆಟ್‌ನಿಂದ ಬಾಡಿಯ ತಗಡಿನವರೆಗೆ ಅಮೆರಿಕದಲ್ಲಿ ಇಂದಿಗೂ ಹೊಸದಾಗಿ ಸಿಗುತ್ತದೆ.

ನೋಡಿದವರು ನಿಂತು ನೋಡಬೇಕು ಎನ್ನುವವರಿಗೆ ಕ್ಯಾಡಿಲಾಕ್. ಆ ಎತ್ತರದ ಹಿಂಬದಿ ರೆಕ್ಕೆ, ಅದರಲ್ಲಿ ಬಂದೂಕಿನ ಗುಂಡಿನಾಕಾರದ ಜೋಡಿ ಕೆಂಪು ದೀಪ: ಐವತ್ತರ ದಶಕದ ಅಮೆರಿಕವೆಂದರೆ ಕಣ್ಣಿಗೆ ಬರುವುದೇ ಅದು. ಖರ್ಚು ಮಾತ್ರ ಹೊಳಪಿನ ಲೇಪವಾದ ಕ್ರೋಮ್‌ನಲ್ಲಿದೆ. ಅದರಡಿಯ ಸತುವಿನ ಎರಕದ ಭಾಗಗಳಲ್ಲಿ ಸಣ್ಣ ಗುಳಿ ಬೀಳುತ್ತವೆ. ಹಳೆಯ ಲೇಪ ತೆಗೆದು, ಗುಳಿ ಕೊರೆದು, ತಾಮ್ರ ತುಂಬಿ, ಉಜ್ಜಿದ ಮೇಲೆಯೇ ಹೊಸ ಕ್ರೋಮ್ ಹಿಡಿಯುತ್ತದೆ.

ಅಮೆರಿಕದ ಅಧ್ಯಕ್ಷ ಕೆನಡಿಯ ಕಾರೆಂದೇ ಜನ ನೆನೆಯುವ ಕಾಂಟಿನೆಂಟಲ್‌ನ ಗಾಂಭೀರ್ಯವೇ ಬೇರೆ. ಹಿಂಬಾಗಿಲು ಎದುರು ದಿಕ್ಕಿಗೆ ತೆರೆಯುತ್ತದೆ. ಪ್ರತ್ಯೇಕ ಚಾಸಿಸ್ (ಆಧಾರ ಚೌಕಟ್ಟು) ಇಲ್ಲದೆ ಬಾಡಿಯೇ ಭಾರ ಹೊರುವುದರಿಂದ ಕಾರಿನ ನೆಲದ ತುಕ್ಕನ್ನು ಕೆಳಗಿನಿಂದಲೇ ಪರೀಕ್ಷಿಸಿ. ಮಡಚುವ ಛಾವಣಿಯದಾದರೆ ಒಂದು ರಿಲೇ (ವಿದ್ಯುತ್ ಸ್ವಿಚ್) ಕೈಕೊಟ್ಟರೂ ಛಾವಣಿ ಅರ್ಧಕ್ಕೇ ನಿಲ್ಲುತ್ತದೆ. ವೈರಿಂಗ್ ಬಲ್ಲವರು ಹತ್ತಿರವಿದ್ದರೆ ಮಾತ್ರ ಅದನ್ನು ಕೊಳ್ಳಿ.

ಬ್ರೇಕ್ ವಿಚಾರದಲ್ಲಿ ಮೂರೂ ಒಂದೇ: ಬ್ರೇಕ್ ದ್ರವವನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂಟಿ ಸರ್ಕ್ಯೂಟ್‌ನದು. ದ್ರವ ಹರಿಯುವ ಮಾರ್ಗ ಒಂದೇ ಆದ್ದರಿಂದ ಒಂದು ಹೋಸ್ (ಕೊಳವೆ) ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ರಸ್ತೆಗಿಳಿಸುವ ಮೊದಲೇ ಜೋಡಿ ಸರ್ಕ್ಯೂಟ್‌ಗೆ ಬದಲಿಸಿ.