ಅಂಗ್ಕೋರ್‌ನ ಮೂರು ದಿನದ ಪಾಸು, ಜೊತೆಗೆ ಕುಲೆನ್ ಬೆಟ್ಟದ ಒಂದು ದಿನ: ಗಂಗಾವತಿ–ಕೊಪ್ಪಳ ಕಡೆಯವರಿಗಾಗಿ ಒಂದು ವಿಮರ್ಶೆ

ಮೊದಲೇ ಹೇಳಿಬಿಡುತ್ತೇವೆ: ಒಂದು ದಿನದ ಪಾಸು ಕೊಳ್ಳಬೇಡಿ. ಕಾಂಬೋಡಿಯಾದಲ್ಲಿ ಖಮೇರ್ ಅರಸರ ಹಳೆಯ ರಾಜಧಾನಿಯಾಗಿದ್ದ ಅಂಗ್ಕೋರ್ ನೋಡಲು ಮೂರು ಬಗೆಯ ಪಾಸು ಇವೆ. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಇಷ್ಟು ದೂರ ಹೋಗಿ ಒಂದೇ ದಿನ ನೋಡಿ ಬರುವುದೆಂದರೆ, ಹಂಪಿಗೆ ಬಂದವರು ವಿರೂಪಾಕ್ಷನ ಗೋಪುರ ನೋಡಿ ಹೊಳ್ಳಿ ಹೋದ ಹಾಗೆ. ಆನೆಗುಂದಿಯೂ ಇಲ್ಲ, ಕಮಲಾಪುರದ ಕೆರೆಯೂ ಇಲ್ಲ, ಕಾಲುವೆಯೂ ಇಲ್ಲ. ಮೂರು ದಿನದ ಪಾಸನ್ನು ಹತ್ತು ದಿನದೊಳಗೆ ಯಾವ ಮೂರು ದಿನವಾದರೂ ಬಳಸಬಹುದು, ಸತತವಾಗಿ ಹೋಗಲೇಬೇಕೆಂದಿಲ್ಲ. ಬಿಸಿಲಿಗೆ ಸುಸ್ತಾದ ವಯಸ್ಸಾದವರಿಗೆ ನಡುವೆ ಒಂದು ದಿನ ವಿಶ್ರಾಂತಿ ಕೊಡಲು ಇದರಿಂದ ಅನುಕೂಲ.

ನಮ್ಮ ಕಡೆಯವರಿಗೆ ಈ ಪ್ರವಾಸ ಹೇಳಿ ಮಾಡಿಸಿದಂತಿದೆ. ಹಾಳು ಊರನ್ನು ಓದುವ ಕಣ್ಣು ನಮಗೆ ಆಗಲೇ ಇದೆ. ಹಂಪಿಯಲ್ಲಿ ಗುಡಿಗಳು ನಿಂತಿವೆ. ಅರಮನೆಗಳದ್ದು ಬರೀ ಕಲ್ಲಿನ ಜಗತಿ ಉಳಿದಿದೆ. ಮೇಲಿನದ್ದೆಲ್ಲ ಮರದ ಕೆಲಸವಾಗಿದ್ದರಿಂದ ಹೋಯಿತು. ಅಂಗ್ಕೋರ್‌ನಲ್ಲೂ ಅದೇ ಲೆಕ್ಕ. ಕಲ್ಲಿನ ಮನೆ ದೇವರಿಗೆ ಮಾತ್ರ. ಅರಸನಿಂದ ಹಿಡಿದು ರೈತನವರೆಗೆ ಉಳಿದವರೆಲ್ಲ ಮರ, ಬಿದಿರು, ಹುಲ್ಲಿನ ಮನೆಯಲ್ಲಿದ್ದರು. ಮನೆಗಳು ಕೊಳೆತು ಮಣ್ಣಾದವು, ಮಣ್ಣಿನ ಮೇಲೆ ಕಾಡು ಬೆಳೆಯಿತು. 'ಕಾಡಿನಲ್ಲಿ ಕಳೆದುಹೋಗಿದ್ದ ನಗರ' ಎಂಬ ಮಾತಿನಲ್ಲಿ ನಿಜವಿರುವುದು ಇಷ್ಟೇ. ಅಂಗ್ಕೋರ್ ವಾಟ್ ಗುಡಿ ಯಾವತ್ತೂ ಕಳೆದುಹೋಗಿರಲಿಲ್ಲ. ಅಲ್ಲಿ ಬೌದ್ಧ ಭಿಕ್ಷುಗಳಿದ್ದರು, ಪೂಜೆ ನಡೆಯುತ್ತಿತ್ತು; 1632ರಲ್ಲಿ ಬಂದ ಜಪಾನಿನ ಯಾತ್ರಿಕನೊಬ್ಬ ಕಂಬದ ಮೇಲೆ ಬರೆದ ಬರಹ ಈಗಲೂ ಇದೆ. 1860ರಲ್ಲಿ ಫ್ರಾನ್ಸಿನ ಆನ್ರಿ ಮೂಓ ಬಂದು 'ಕಂಡುಹಿಡಿದ' ಎನ್ನುವ ಗೈಡ್ ಸಿಕ್ಕರೆ ವಿನಯದಿಂದಲೇ ತಿದ್ದಿ. ಕಳೆದುಹೋಗಿದ್ದು ಗುಡಿಯ ಸುತ್ತ ಇದ್ದ ಊರು.

ಆ ಊರು ಮತ್ತೆ ಸಿಕ್ಕಿದ್ದು ಲೈಡಾರ್ ಎಂಬ ಲೇಸರ್ ಅಳತೆಯಿಂದ. 2012ರ ಏಪ್ರಿಲ್‌ನಲ್ಲಿ ಪುರಾತತ್ವಜ್ಞ ಡೇಮಿಯನ್ ಎವಾನ್ಸ್ ಮತ್ತು ಸಂಗಡಿಗರು ಹೆಲಿಕಾಪ್ಟರಿಗೆ ಲೇಸರ್ ಯಂತ್ರ ಕಟ್ಟಿ ಸುಮಾರು 370 ಚದರ ಕಿಲೋಮೀಟರ್ ಅಳೆದರು. 2015ರಲ್ಲಿ ಮತ್ತೆ ಹಾರಿ 1,900 ಚದರ ಕಿಲೋಮೀಟರಿಗೂ ಹೆಚ್ಚು ಜಾಗ ಅಳೆದರು. ಹುಣಸೆ ಮರದ ಕೆಳಗೆ ನಿಂತರೆ ನೆಲದ ಮೇಲೆ ಅಲ್ಲಲ್ಲಿ ಬಿಸಿಲಿನ ಚುಕ್ಕೆ ಕಾಣುತ್ತದಲ್ಲ, ಎಷ್ಟು ದಟ್ಟ ಮರವಾದರೂ ಎಲೆಗಳ ಸಂದಿಯಲ್ಲಿ ಒಂದಿಷ್ಟು ಬೆಳಕು ನೆಲ ಮುಟ್ಟಿಯೇ ಮುಟ್ಟುತ್ತದೆ. ಲೇಸರಿನ ಕೆಲಸವೂ ಹಾಗೆಯೇ. ಸೆಕೆಂಡಿಗೆ ಲಕ್ಷಾಂತರ ಮಿಡಿತ ಕೆಳಗೆ ಬಿಟ್ಟಾಗ ಬಹುಪಾಲು ಎಲೆಗೆ, ಟೊಂಗೆಗೆ ತಾಗಿ ಮರಳುತ್ತದೆ. ಕೊಂಚ ಪಾಲು ನೆಲ ಮುಟ್ಟಿ ಬರುತ್ತದೆ. ಮರಳುವುದಕ್ಕೆ ಹಿಡಿದ ಸಮಯದಿಂದ ದೂರದ ಲೆಕ್ಕ ಸಿಗುತ್ತದೆ. ಎಲೆಯ ಚುಕ್ಕೆಗಳನ್ನು ಕಂಪ್ಯೂಟರಿನಲ್ಲಿ ತೆಗೆದುಹಾಕಿದರೆ ಬರಿಯ ನೆಲದ ನಕ್ಷೆ ಉಳಿಯುತ್ತದೆ. ಅರ್ಧ ಮೀಟರ್ ಎತ್ತರದ ದಿಬ್ಬ, ಹೂತ ಕಾಲುವೆ, ಹಳೆಯ ಬೀದಿ ಎಲ್ಲವೂ ಕಾಣುತ್ತವೆ. ಅಳತೆಗೆ ಬೇಸಿಗೆಯನ್ನೇ ಆರಿಸಿಕೊಂಡದ್ದು ಎಲೆ ಉದುರಿ ಸಂದಿ ಹೆಚ್ಚಿರುತ್ತದೆ ಎಂದು.

ಇನ್ನು ಪಾಸಿನ ಗುಣದೋಷ. ಗುಡಿಗಳಿಗೆ ದಾರಿ, ಫಲಕ, ಶೌಚಾಲಯ ಎಲ್ಲ ಚೆನ್ನಾಗಿವೆ. ಕೊರತೆ ಇರುವುದು ಬೇರೆ ಕಡೆ: ಗುಡಿಯ ಬಗ್ಗೆ ಹೇಳುವ ಫಲಕಗಳು ಬೇಕಾದಷ್ಟಿವೆ, ಊರಿನ ಬಗ್ಗೆ ಹೇಳುವುದು ಕಡಿಮೆ. ಕಾಡಿನಡಿಯ ನಗರ ನೋಡಬೇಕೆಂದರೆ ತಯಾರಿ ನಾವೇ ಮಾಡಿಕೊಂಡು ಹೋಗಬೇಕು. ಪ್ರಕಟವಾದ ಸಂಶೋಧನಾ ಲೇಖನಗಳಲ್ಲಿ ಲೈಡಾರ್ ನಕ್ಷೆಗಳಿವೆ. ಎರಡು ಮೂರು ಚಿತ್ರ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಉಪಗ್ರಹದ ಚಿತ್ರ ನೆಚ್ಚಿಕೊಂಡರೆ ಬರೀ ಹಸಿರು ಕಾಣುತ್ತದೆ.

ಅಂಗ್ಕೋರ್ ವಾಟ್‌ನಲ್ಲಿ ಹೀಗೆ ಮಾಡಿ. ಪಶ್ಚಿಮದ ದ್ವಾರ ದಾಟಿದ ಮೇಲೆ ಜನರೆಲ್ಲ ಕಲ್ಲಿನ ದಾರಿ ಹಿಡಿದು ನೇರ ಗೋಪುರದತ್ತ ಹೋಗುತ್ತಾರೆ. ಗುಡಿ ನೋಡಿ ಮುಗಿದ ಮೇಲೆ ಬಂದ ದಾರಿಯಲ್ಲೇ ಮರಳದೆ ಪಕ್ಕದ ಮರಗಳ ನಡುವಿನ ಕಾಲುದಾರಿಯಲ್ಲಿ ಕಾಲು ಗಂಟೆ ನಡೆಯಿರಿ. ಮೊದಲು ಏನೂ ಕಾಣುವುದಿಲ್ಲ, ಬರೀ ಕಾಡು. ನಿಧಾನವಾಗಿ ಹೆಜ್ಜೆ ಇಟ್ಟರೆ ಕಾಲಿಗೇ ಗೊತ್ತಾಗುತ್ತದೆ: ನೆಲ ಸ್ವಲ್ಪ ಏರುತ್ತದೆ, ಸಮ ಆಗುತ್ತದೆ, ಇಳಿದು ಒಂದು ತಗ್ಗಾಗುತ್ತದೆ, ಮತ್ತೆ ಏರುತ್ತದೆ. ಏರಿದ್ದು ಮನೆಯ ದಿನ್ನೆ, ತಗ್ಗಿರುವುದು ಹೊಂಡ. ಹೊಂಡ ತೋಡಿದ ಮಣ್ಣಿನಿಂದಲೇ ದಿನ್ನೆ ಎತ್ತರಿಸಿ, ಮೇಲೆ ಮರದ ಮನೆ ಕಟ್ಟಿದ್ದರು. ಮಳೆಗಾಲದಲ್ಲಿ ಮನೆ ಒಣಗಿರುತ್ತಿತ್ತು, ಬೇಸಿಗೆಯಲ್ಲಿ ಹೊಂಡದಲ್ಲಿ ನೀರಿರುತ್ತಿತ್ತು. ಇಂಥ ದಿನ್ನೆ–ಹೊಂಡಗಳ ಸಾಲು ಪ್ರಾಕಾರದ ಒಳಗೆಲ್ಲ ಚೌಕುಳಿಯಾಗಿ ಹರಡಿದೆ ಎಂಬುದು ಲೈಡಾರ್ ನಕ್ಷೆಯಲ್ಲಿ ನಿಚ್ಚಳವಾಯಿತು. ಆಲಿಸನ್ ಕಾರ್ಟರ್, ಮಿರಿಯಮ್ ಸ್ಟಾರ್ಕ್ ಮುಂತಾದವರು ಈ ದಿನ್ನೆಗಳನ್ನು ಅಗೆದು ಜನವಸತಿಯ ಗುರುತು ಕಂಡರು. ಮಡಕೆ ಚೂರು ಕಂಡರೆ ನೋಡಿ, ಮುಟ್ಟಬೇಡಿ, ಜೇಬಿಗಂತೂ ಹಾಕಲೇಬೇಡಿ. ನಮ್ಮ ಹಿರೇಬೆಣಕಲ್ ಗುಡ್ಡದ ಕಲ್ಮನೆಗಳನ್ನು ನಿಧಿಯ ಆಸೆಗೆ ಕೆಡವಿದವರಿಂದ ಎಷ್ಟು ಹಾಳಾಗಿದೆ ಎಂಬುದು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ತಾ ಪ್ರೋಮ್ ಗುಡಿಯಲ್ಲಿ ಗೋಡೆಯ ಮೇಲೆ ಹಬ್ಬಿದ ಮರದ ಬೇರಿನ ಮುಂದೆ ಫೋಟೋಕ್ಕೆ ಸರತಿ ಇರುತ್ತದೆ. ಬೇರಿಗಿಂತ ಅಲ್ಲಿಯ ಶಾಸನ ದೊಡ್ಡದು. 1186ರಲ್ಲಿ ಏಳನೇ ಜಯವರ್ಮ ಕಟ್ಟಿಸಿದ ಈ ಗುಡಿಯ ಒಳಗೆ 12,640 ಜನ ಇರುತ್ತಿದ್ದರು, 3,140 ಹಳ್ಳಿಗಳ 79,365 ಜನ ಅದಕ್ಕೆ ದುಡಿಯುತ್ತಿದ್ದರು ಎಂದು ಸಂಸ್ಕೃತದಲ್ಲಿ ಕೊರೆದಿದೆ. ಆ ಹಳ್ಳಿಗಳೆಲ್ಲ ಎಲ್ಲಿ ಹೋದವು ಎಂಬ ಪ್ರಶ್ನೆ ಬೇರಿನ ಮುಂದೆ ನಿಂತವರಿಗೆ ಹೊಳೆಯಬೇಕು. ಇಲ್ಲಿನ ದುರಸ್ತಿ ಕೆಲಸದಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯ ಕೈ ಇದೆ.

ಸಮಯ ಉಳಿದರೆ ಅಂಗ್ಕೋರ್ ಥೋಮ್ ಎಂಬ ಕೋಟೆಯೂರಿನ ದಕ್ಷಿಣ ಬಾಗಿಲಿನಿಂದ ಕೋಟೆಗೋಡೆಯ ಮೇಲೆಯೇ ನೈಋತ್ಯದ ಮೂಲೆಗುಡಿಯವರೆಗೆ ಒಂದೂವರೆ ಕಿಲೋಮೀಟರ್ ನಡೆಯಿರಿ. ಗೋಡೆ ಎಂಟು ಮೀಟರ್ ಎತ್ತರ, ಒಂದೊಂದು ಬದಿ ಮೂರು ಕಿಲೋಮೀಟರ್. ಬಾಗಿಲಲ್ಲಿ ಎಷ್ಟು ಗದ್ದಲವೋ ಮೇಲೆ ಅಷ್ಟು ಶಾಂತ.

ಪಶ್ಚಿಮ ಬರಾಯ್ ಮಾತ್ರ ಬಿಡಬೇಡಿ. ಬರಾಯ್ ಎಂದರೆ ಕೆರೆ. ಉದ್ದ 8 ಕಿಲೋಮೀಟರ್, ಅಗಲ ಸುಮಾರು 2.1. ನಮ್ಮ ಕೆರೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಏರಿಯ ಮೇಲೆ ನಿಂತು ನೋಡಬೇಕಾದದ್ದು. ನಮ್ಮವರು ಎರಡು ಗುಡ್ಡದ ಸಂದಿ ಹುಡುಕಿ ಒಂದು ಕಡೆ ಏರಿ ಹಾಕುತ್ತಿದ್ದರು; ಉಳಿದ ಕೆಲಸ ಗುಡ್ಡವೇ ಮಾಡುತ್ತಿತ್ತು. ಅಲ್ಲಿ ಗುಡ್ಡವಿಲ್ಲ, ಸಪಾಟು ಬಯಲು. ನಾಲ್ಕೂ ಕಡೆ ಏರಿ ಹಾಕಿ ನೀರನ್ನು ನೆಲದ ಮೇಲೆಯೇ ನಿಲ್ಲಿಸಿದರು. ಹಾಗಾಗಿ ಹೂಳು ತುಂಬಿದರೆ, ನೀರು ತರುವ ಕಾಲುವೆ ಒಡೆದರೆ ಪೂರ್ತಿ ವ್ಯವಸ್ಥೆ ಕೈಕೊಡುತ್ತಿತ್ತು. 14–15ನೇ ಶತಮಾನದಲ್ಲಿ ದೀರ್ಘ ಬರ, ನಡುನಡುವೆ ವಿಪರೀತ ಮಳೆ ಬಂದಾಗ ಆದದ್ದೂ ಅದೇ ಎಂದು ಮರದ ಉಂಗುರ ಮತ್ತು ಕಾಲುವೆಯ ಹೂಳಿನ ಅಧ್ಯಯನಗಳು ತೋರಿಸುತ್ತವೆ. ಪೂರ್ವದ ಬರಾಯ್ ಇವತ್ತು ಒಣಗಿ ಗದ್ದೆಯಾಗಿದೆ. ಆನೆಗುಂದಿ ಕಡೆಯ ವಿಜಯನಗರದ ಕಾಲುವೆಗಳಲ್ಲಿ ಇನ್ನೂ ನೀರು ಹರಿಯುತ್ತಿದೆ, ಭತ್ತ ಬೆಳೆಯುತ್ತಿದೆ. ಇದನ್ನು ಕಂಡವರಿಗೆ ಆ ಒಣ ಕೆರೆ ಹೆಚ್ಚು ಮಾತಾಡುತ್ತದೆ.

ಕುಲೆನ್ ಬೆಟ್ಟದ ದಿನಕ್ಕೆ ಹೆಚ್ಚು ಎಚ್ಚರ ಬೇಕು. ಇದು ಅಂಗ್ಕೋರ್ ಪಾಸಿನಲ್ಲಿ ಸೇರಿಲ್ಲ. ವಿದೇಶಿಯರಿಗೆ ಬೇರೆ 20 ಡಾಲರ್ ಟಿಕೆಟ್. ಅಂಗ್ಕೋರ್ ಪಕ್ಕದ ಪಟ್ಟಣ ಸಿಯೆಮ್ ರೀಪ್‌ನಿಂದ ಸುಮಾರು 50 ಕಿಲೋಮೀಟರ್. ಇಲ್ಲಿಯೇ 802ರಲ್ಲಿ ಎರಡನೇ ಜಯವರ್ಮ ಚಕ್ರವರ್ತಿಯಾಗಿ ಅಭಿಷಿಕ್ತನಾದ ಎಂದು ಸ್ಡೋಕ್ ಕಾಕ್ ಥೋಮ್ ಎಂಬಲ್ಲಿ ಸಿಕ್ಕ 11ನೇ ಶತಮಾನದ ಶಾಸನ ಹೇಳುತ್ತದೆ. ಬೆಟ್ಟದ ಮೇಲಿದ್ದ ಆ ಊರಿನ ಹೆಸರು ಮಹೇಂದ್ರಪರ್ವತ. ಹೆಸರು ಕೇಳಿದರೆ ನಮ್ಮದೇ ಯಾವುದೋ ಗುಡ್ಡ ಅನ್ನಿಸುತ್ತದೆ. ಗುಡಿಗಳು ಬಿಡಿಬಿಡಿಯಾಗಿ ಮೊದಲಿಂದ ಗೊತ್ತಿದ್ದವು. ಅವುಗಳನ್ನು ಹೆಣೆದ ಬೀದಿಗಳು ಗೊತ್ತಿರಲಿಲ್ಲ. ಝಾನ್‌ ಬಾಪ್ಟಿಸ್ಟ್ ಶೆವಾನ್ಸ್ ಮತ್ತು ಎವಾನ್ಸ್ ತಂಡ ಲೈಡಾರ್ ಮತ್ತು ಕಾಲ್ನಡಿಗೆ ಶೋಧ ಎರಡನ್ನೂ ಸೇರಿಸಿ, 40ರಿಂದ 50 ಚದರ ಕಿಲೋಮೀಟರ್ ಹರಡಿದ ಚೌಕುಳಿ ಊರಿನ ನಕ್ಷೆಯನ್ನು 2019ರಲ್ಲಿ ಪ್ರಕಟಿಸಿತು. ಮುಗಿಯದೆ ಉಳಿದ ದೊಡ್ಡ ಕೆರೆಯೂ ಅದರಲ್ಲಿದೆ.

ಸಾಮಾನ್ಯ ಪ್ಯಾಕೇಜಿನವರು ಇಲ್ಲಿ ಮೂರೇ ತೋರಿಸುತ್ತಾರೆ: ಹೊಳೆಯ ತಳದ ಬಂಡೆಯಲ್ಲಿ ಕೊರೆದ ಸಾವಿರ ಲಿಂಗ, ಮಲಗಿದ ಬುದ್ಧ, ಜಲಪಾತ. ಮೂರೂ ಚೆಂದ, ಆದರೆ ಊರು ಕಂಡ ಹಾಗಾಗಲಿಲ್ಲ. ಅದಕ್ಕೆ ಬೆಟ್ಟದ ಮೇಲಿನ ಹಳ್ಳಿಯಲ್ಲಿ ಸ್ಥಳೀಯ ಬೈಕ್ ಸವಾರರನ್ನು ಹಿಡಿದು ರೋಂಗ್ ಚೆನ್ ಎಂಬ ಮೆಟ್ಟಿಲು ಪಿರಮಿಡ್ ಗುಡಿಗೆ ಮತ್ತು ಬಂಡೆಯಲ್ಲಿ ಕಡೆದ ಆನೆ ಇರುವ ಸ್ರಾ ದಮ್ರೈಗೆ ಹೋಗಬೇಕು. ದಾರಿ ಮರಳು, ಬೈಕಿನ ಹಿಂದಿನ ಚಕ್ರ ಹೂತುಕೊಳ್ಳುತ್ತದೆ, ಇಳಿದು ತಳ್ಳಬೇಕಾಗುತ್ತದೆ. ಮಳೆಗಾಲದಲ್ಲಿ ಪ್ರಯತ್ನ ಬೇಡ. ಬೆನ್ನು, ಮಂಡಿ ನೋವಿದ್ದವರು ಲಿಂಗದ ಹೊಳೆಯ ಹತ್ತಿರವೇ ಉಳಿಯುವುದು ಒಳ್ಳೆಯದು. ಗುರುತು ಮಾಡಿದ ದಾರಿ ಬಿಟ್ಟು ಒಂದು ಹೆಜ್ಜೆಯೂ ಬೇಡ, ಮೂತ್ರಕ್ಕೂ ಬೇಡ. 1970ರ ದಶಕದಲ್ಲಿ ದೇಶ ಆಳಿದ ಉಗ್ರ ಕಮ್ಯುನಿಸ್ಟ್ ಪಡೆ ಖಮೇರ್ ರೂಜ್ ಕಾಲದ ನೆಲಬಾಂಬುಗಳಿದ್ದ ಪ್ರದೇಶವಿದು. ಬೈಕಿನವರು ಹೋಗುವ ದಾರಿಯನ್ನು ಬಿಟ್ಟು 'ಒಳದಾರಿ ತೋರಿಸ್ತೀನಿ' ಎನ್ನುವವರಿಗೆ ಬೇಡ ಅನ್ನಿ.

ಬೆಟ್ಟಕ್ಕೆ ಟುಕ್‌ಟುಕ್ ಬೇಡ. ಅಲ್ಲಿಯ ಟುಕ್‌ಟುಕ್ ಎಂದರೆ ಬೈಕಿಗೆ ಸಿಕ್ಕಿಸಿದ ಗಾಡಿ, ನಮ್ಮ ಟಂಟಂನಷ್ಟೂ ಶಕ್ತಿಯಿಲ್ಲ, ಏರಿನಲ್ಲಿ ನಿಂತುಬಿಡುತ್ತದೆ. ಕಾರು ಮಾಡಿ. ಇಕ್ಕಟ್ಟಾದ ದಾರಿ, ಮಧ್ಯಾಹ್ನದವರೆಗೆ ಹತ್ತುವ ಗಾಡಿ, ಆಮೇಲೆ ಇಳಿಯುವ ಗಾಡಿ ಎಂಬ ಪದ್ಧತಿ ಇರುವುದರಿಂದ ಬೆಳಿಗ್ಗೆ ಏಳಕ್ಕೇ ಸಿಯೆಮ್ ರೀಪ್ ಬಿಡಬೇಕು. ಹತ್ತು ಗಂಟೆಗೆ ನಾಷ್ಟಾ ಮುಗಿಸಿ ಹೊರಟವರಿಗೆ ತಪ್ಪಲಲ್ಲೇ ದಿನ ಮುಗಿಯುತ್ತದೆ. ಬಯಲಿನ ಗುಡಿಗಳಿಗೆ ಟುಕ್‌ಟುಕ್ ಸಾಕು, ದಿನಕ್ಕೆ ಸುಮಾರು 15ರಿಂದ 25 ಡಾಲರ್. ಸೂರ್ಯೋದಯಕ್ಕೆ, ದೂರದ ಗುಡಿಗೆ ಹೆಚ್ಚುವರಿ ಎಷ್ಟು ಎಂದು ಹತ್ತುವ ಮುಂಚೆಯೇ ಮಾತಾಡಿ.

ಹೋಗುವುದು ಹೇಗೆ ಎಂದರೆ, ಕೊಪ್ಪಳ ಅಥವಾ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಅಲ್ಲಿಂದ ಬ್ಯಾಂಕಾಕ್, ಕ್ವಾಲಾಲಂಪುರ ಅಥವಾ ಸಿಂಗಪುರದ ಮೇಲೆ ಸಿಯೆಮ್ ರೀಪ್. 2023ರ ಅಕ್ಟೋಬರಿನಿಂದ ವಿಮಾನ ಇಳಿಯುವುದು ಊರಿಂದ 40 ಕಿಲೋಮೀಟರಿಗೂ ದೂರದ ಹೊಸ ನಿಲ್ದಾಣದಲ್ಲಿ. ಗಾಡಿಯ ಖರ್ಚು ಲೆಕ್ಕದಲ್ಲಿರಲಿ. ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಹೋಗುವ ಹಳೆಯ ಸಲಹೆಯನ್ನು ಈಗ ನೆಚ್ಚಬೇಡಿ, 2025ರ ಗಡಿ ಘರ್ಷಣೆಯ ನಂತರ ಆ ದಾರಿ ನಂಬುವಂತಿಲ್ಲ.

ಡಾಲರ್ ನೋಟು ಹರಿದಿದ್ದರೆ, ಪೆನ್ನಿನ ಗುರುತಿದ್ದರೆ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಚಿಲ್ಲರೆ ಅಲ್ಲಿಯ ರಿಯಲ್‌ನಲ್ಲಿ ಬರುತ್ತದೆ, ಡಾಲರಿಗೆ ಸುಮಾರು 4,000. ಹೆಗಲು, ಮೊಣಕಾಲು ಮುಚ್ಚಿರಲಿ. ಶಾಲು ಹೊದ್ದುಕೊಂಡರೆ ಅಂಗ್ಕೋರ್ ವಾಟ್‌ನ ಮೇಲಂತಸ್ತಿಗೆ ಬಿಡುವುದಿಲ್ಲ, ತೋಳಿರುವ ಅಂಗಿಯೇ ಬೇಕು. ಬೌದ್ಧರ ಪವಿತ್ರ ದಿನಗಳಲ್ಲಿ ಆ ಮೇಲಂತಸ್ತು ಮುಚ್ಚಿರುತ್ತದೆ, ಹೋಗುವ ಮುಂಚೆ ವಿಚಾರಿಸಿ. ಶಾಕಾಹಾರಿಗಳಿಗೆ ಕಷ್ಟ: ಮಾಂಸ ಹಾಕದ ಪಲ್ಯಕ್ಕೂ ಮೀನಿನ ರಸ ಬಿದ್ದಿರುತ್ತದೆ, 'ಮಾಂಸ ಬೇಡ' ಎಂದರೆ ಮಾತ್ರ ಸಾಲದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಜೊತೆಗಿದ್ದರೆ ಕುಲೆನ್ ದಿನದ ಊಟದ ಚಿಂತೆ ಇಲ್ಲ.

ದಿನಗಳ ಕ್ರಮದಲ್ಲಿ ನಮ್ಮ ಸಲಹೆ ಪ್ಯಾಕೇಜಿನವರಿಗೆ ಉಲ್ಟಾ. ಅವರು ಅಂಗ್ಕೋರ್ ವಾಟ್ ಮೊದಲು ತೋರಿಸಿ ಕುಲೆನ್ ಅನ್ನು ಕೊನೆಗೆ ಇಡುತ್ತಾರೆ, ಎಷ್ಟೋ ಸಲ ಬಿಟ್ಟೇಬಿಡುತ್ತಾರೆ. ಕುಲೆನ್‌ನಿಂದ ಶುರು ಮಾಡಿ. ಟಿಕೆಟ್ ಬೇರೆ ಆದ್ದರಿಂದ ಪಾಸಿನ ದಿನ ಖರ್ಚಾಗುವುದಿಲ್ಲ. ಅಂದು ಸಂಜೆ ಐದು ಗಂಟೆಯ ಮೇಲೆ ಟಿಕೆಟ್ ಕೇಂದ್ರಕ್ಕೆ ಹೋಗಿ ಪಾಸು ಮಾಡಿಸಿ. ಕೌಂಟರಿನಲ್ಲೇ ಫೋಟೋ ತೆಗೆಯುತ್ತಾರೆ, ಬೇರೆಯವರ ಪಾಸು ನಡೆಯುವುದಿಲ್ಲ. ಹನ್ನೆರಡರೊಳಗಿನ ಮಕ್ಕಳಿಗೆ ಪಾಸ್‌ಪೋರ್ಟ್ ತೋರಿಸಿದರೆ ಉಚಿತ. ಆ ಸಂಜೆ ಸೂರ್ಯಾಸ್ತಕ್ಕೆ ಒಳಗೆ ಬಿಡುತ್ತಾರೆ, ದಿನದ ಎಣಿಕೆ ಮರುದಿನದಿಂದ. ಮರುದಿನ ಬೆಳಿಗ್ಗೆ ಮೊದಲು ರೋಲೂಓಸ್‌ಗೆ, ಅಂದರೆ ಹರಿಹರಾಲಯಕ್ಕೆ ಹೋಗಿ. ಕುಲೆನ್‌ನಲ್ಲಿ ಅಭಿಷಿಕ್ತನಾದ ಎರಡನೇ ಜಯವರ್ಮ ಕೊನೆಗೆ ನೆಲೆಸಿದ ಬಯಲಿನ ಊರು ಅದು. 881ರ ಬಾಕೋಂಗ್ ಗುಡಿ ಅಲ್ಲಿದೆ. ಎಂಟು ಗಂಟೆಯೊಳಗೆ ತಲುಪಿದರೆ ಬಾಕೋಂಗ್‌ನ ಮೇಲಿನ ಅಂತಸ್ತಿನಲ್ಲಿ ಬಿಸಿಲು ಏರುವ ಮುಂಚೆ ಅರ್ಧ ಗಂಟೆ ಕೂರಬಹುದು.