ಜೀಪು, ಚಾರಣ, ಕಾಫಿ ತೋಟ: ಬೆಟ್ಟದ ಸೀಮೆಯಲ್ಲಿ ಕಾಡುಜೀವಿಗಳನ್ನು ನೋಡುವ ಮೂರು ಬಗೆ

ರಜೆಗೆಂದು ಬೆಟ್ಟದ ಸೀಮೆಗೆ ಹೋದವರು ಪ್ರಾಣಿ ಪಕ್ಷಿಗಳನ್ನು ನೋಡಲು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ: ರಕ್ಷಿತಾರಣ್ಯದೊಳಗಿನ ಜೀಪ್ ಸಫಾರಿ, ಶೋಲಾ ಕಾಡು (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಗಿಡ್ಡಮರಗಳ ದಟ್ಟ ಕಾಡು) ಮತ್ತು ಹುಲ್ಲುಗಾವಲುಗಳ ನಡುವಿನ ಚಾರಣ, ಇಲ್ಲವೇ ಕಾಫಿ ತೋಟದ ಹೋಂಸ್ಟೇಯಲ್ಲಿ ವಾಸ. ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರ ಗುಡಿಯಲ್ಲಿ ಮೊದಲನೆಯದನ್ನು, ಕುದುರೆಮುಖದಲ್ಲಿ ಎರಡನೆಯದನ್ನು, ಮೂಡಿಗೆರೆ ಮತ್ತು ಕಳಸದ ಕಡೆಯ ತೋಟಗಳಲ್ಲಿ ಮೂರನೆಯದನ್ನು ಬೇರೆ ಬೇರೆ ಋತುಗಳಲ್ಲಿ ಮಾಡಿ ನೋಡಿದ್ದೇನೆ. ದೊಡ್ಡ ಪ್ರಾಣಿಯನ್ನೇ ನೋಡಬೇಕೆನ್ನುವವರಿಗೆ ಜೀಪನ್ನು ಬಿಟ್ಟರೆ ಗತಿಯಿಲ್ಲ. ಆದರೆ ಇದ್ದಷ್ಟು ದಿನವೂ ಒಂದಲ್ಲ ಒಂದು ಜೀವಿ ಕಣ್ಣಿಗೆ ಬೀಳುತ್ತಿರಬೇಕು ಎನ್ನುವವರಿಗೆ ತೋಟವೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದೂ ಎಲ್ಲ ತೋಟಗಳಿಗೂ ಅನ್ವಯಿಸುವ ಮಾತಲ್ಲ.

ಜೀಪಿನ ದೊಡ್ಡ ಅನುಕೂಲವೆಂದರೆ ಪ್ರಾಣಿಗಳು ಅದಕ್ಕೆ ಒಗ್ಗಿಹೋಗಿರುವುದು. ನಡೆದುಬರುವ ಮನುಷ್ಯನ ಸುಳಿವು ಸಿಕ್ಕೊಡನೆ ಪೊದೆ ಸೇರುವ ಕಡವೆ, ದಾರಿಯ ಪಕ್ಕದಲ್ಲೇ ಜೀಪು ನಿಂತರೂ ಮೇಯುವುದನ್ನು ಬಿಡುವುದಿಲ್ಲ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಡುಕೋಣ, ಜಿಂಕೆ, ಕಾಡುಕುರಿಗಳು ಸುಲಭವಾಗಿ ಕಾಣಸಿಗುತ್ತವೆ. ಅದೃಷ್ಟವಿದ್ದರೆ ಸೀಳುನಾಯಿಗಳ ಗುಂಪೂ ಎದುರಾಗುತ್ತದೆ. ಆದರೆ ಬಂಡೀಪುರದಲ್ಲಿಯೋ ಕಬಿನಿ ಹಿನ್ನೀರಿನ ಬಯಲಿನಲ್ಲಿಯೋ ಕಾಣುವಷ್ಟು ಇಲ್ಲಿಯೂ ಕಂಡೀತೆಂದು ಲೆಕ್ಕ ಹಾಕಿ ಹೋಗಬಾರದು. ಇಲ್ಲಿಯದು ಏರಿಳಿತದ ನೆಲ, ಸಾಲದ್ದಕ್ಕೆ ದಾರಿಯ ಎರಡೂ ಬದಿಗೆ ಆಳೆತ್ತರ ಬೆಳೆದ ಲಂಟಾನ. ಹಿಂದೆ ಈ ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ಬೇಸಿಗೆಯ ಆರಂಭದಲ್ಲಿ ನೆಲದ ಒಣ ಎಲೆಗೆ ಹಾಕುತ್ತಿದ್ದ ‘ತರಗು ಬೆಂಕಿ’ ನಿಂತ ಮೇಲೆಯೇ ಈ ಪೊದೆ ಹಬ್ಬಿತೆಂದು ಅವರು ಹೇಳುತ್ತಾರೆ. ಕಾರಣ ಏನೇ ಇರಲಿ, ನಾಲ್ಕು ಮಾರು ದೂರದಲ್ಲಿ ಹುಲಿ ಮಲಗಿದ್ದರೂ ನೋಡುವವನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಒಳ್ಳೆಯ ಚಾಲಕ ಕಣ್ಣಿಗಿಂತ ಕಿವಿಯನ್ನು ನಂಬುತ್ತಾನೆ: ಕಡವೆಯ ಒಂಟಿ ಗದರಿಕೆಯೋ ಮುಸುವನ ಕೆಮ್ಮಿನಂಥ ಕೂಗೋ ಕೇಳಿದರೆ ಎಂಜಿನ್ ಆರಿಸಿ ಕಾಯುತ್ತಾನೆ. ಈ ಕಾಯುವಿಕೆಯೇ ಸಫಾರಿಯ ಸಾರ. ದುರದೃಷ್ಟವೆಂದರೆ, ಜೊತೆಗೆ ಕುಳಿತವರಿಗೆ ಹುಲಿಯ ಹೊರತು ಬೇರೇನೂ ಬೇಡವಾಗಿದ್ದರೆ, ಮರಕುಟಿಗನೊಂದನ್ನು ನೋಡಲು ಜೀಪು ನಿಲ್ಲಿಸಿ ಎಂದು ಕೇಳುವುದಕ್ಕೂ ಸಂಕೋಚವಾಗುತ್ತದೆ. ಪಕ್ಷಿ ನೋಡುವವರಿಗೆ ಸಫಾರಿ ಒಗ್ಗದಿರಲು ಎಂಜಿನ್ನಿನ ಸದ್ದಿಗಿಂತ ಇದೇ ದೊಡ್ಡ ಕಾರಣ.

ಚಾರಣದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕುದುರೆಮುಖದ ನೆತ್ತಿಗೆ ಹೋಗುವ ದಾರಿಯ ಚೆಲುವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪ್ರಾಣಿಗಳನ್ನು ನೋಡುವ ಉದ್ದೇಶಕ್ಕೆ ಮೂರರಲ್ಲಿ ಇದೇ ಕಡೆಯದು. ತೆರೆದ ಹುಲ್ಲುಗಾವಲಿನಲ್ಲಿ ನಾವು ಪ್ರಾಣಿಯನ್ನು ಕಾಣುವ ಎಷ್ಟೋ ಮೊದಲೇ ಅದು ನಮ್ಮನ್ನು ಕಂಡಿರುತ್ತದೆ, ವಾರಾಂತ್ಯದ ಗುಂಪುಗಳ ಮಾತು ಕಣಿವೆಯಾಚೆಗೂ ಕೇಳುತ್ತದೆ. ಈ ರಾಷ್ಟ್ರೀಯ ಉದ್ಯಾನದ ಹೆಸರಿನ ಜೊತೆಗೇ ನೆನಪಾಗುವ ಸಿಂಗಳೀಕ ನಿತ್ಯಹರಿದ್ವರ್ಣ ಕಾಡಿನ ಮರದ ತುದಿಗಳಲ್ಲಿ ಬದುಕುವ ಪ್ರಾಣಿಯಾದ್ದರಿಂದ ಬೋಳು ಗುಡ್ಡ ಹತ್ತುವವನಿಗೆ ಅದು ಸಿಗುವುದು ಕಷ್ಟ. ಇಲ್ಲಿ ನಿಜವಾಗಿ ದಕ್ಕುವುದು ಬೇಟೆಹಕ್ಕಿಗಳು: ಬಿಸಿಲೇರಿದ ಮೇಲೆ ಕಣಿವೆಯಿಂದ ಮೇಲೇಳುವ ಗಾಳಿಯಲ್ಲಿ ರೆಕ್ಕೆ ಬಡಿಯದೆ ತೇಲುವ ಗಿಡುಗವನ್ನು, ಕಾಡಿನೊಳಗಿನಿಂದ ಕತ್ತೆತ್ತಿ ನೋಡುವಂತಲ್ಲದೆ, ನಮ್ಮ ಕಣ್ಣಿನ ಮಟ್ಟದಲ್ಲಿ, ಕೆಲವೊಮ್ಮೆ ನಮಗಿಂತ ಕೆಳಗೆ ನೋಡಬಹುದು.

ಇನ್ನು ತೋಟದ ವಿಷಯ. ಹೋಂಸ್ಟೇ ಗೊತ್ತುಮಾಡುವಾಗ ಜನ ಈಜುಕೊಳವಿದೆಯೇ, ಕ್ಯಾಂಪ್ ಫೈರ್ ಇದೆಯೇ ಎಂದು ವಿಚಾರಿಸುತ್ತಾರೆ. ನಾನು ಕೇಳುವುದು ನೆರಳಿಗೆ ಯಾವ ಮರಗಳಿವೆ ಎಂದು. ಕಾಡುಮರಗಳನ್ನು ಕಡಿದು ಸಿಲ್ವರ್ ಓಕ್ ಒಂದನ್ನೇ ಸಾಲಾಗಿ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸಿದ ತೋಟ ನೋಟಕ್ಕೆ ಅಚ್ಚುಕಟ್ಟಾಗಿದ್ದರೂ ಹಕ್ಕಿಗಳ ಪಾಲಿಗೆ ಬಹುಮಟ್ಟಿಗೆ ಬರಿದೇ. ಅತ್ತಿ, ಬಸರಿ, ಗೋಣಿ, ಹಲಸು, ಹಾಲುವಾಣಗಳನ್ನು ಉಳಿಸಿಕೊಂಡ ಹಳೆಯ ಅರೇಬಿಕಾ ತೋಟದ ಕಥೆಯೇ ಬೇರೆ. ಅತ್ತಿಯ ಜಾತಿಯ ಮರಗಳು ಎಲ್ಲವೂ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲವಾದ್ದರಿಂದ ವರ್ಷದ ಬಹುಭಾಗ ಎಲ್ಲಿಯಾದರೂ ಒಂದು ಮರ ಹಣ್ಣಾಗಿರುತ್ತದೆ. ಆ ಮರವನ್ನು ತೋಟದ ಆಳುಗಳಿಂದ ಕೇಳಿ ತಿಳಿದು, ಅದರಿಂದ ತುಸು ದೂರದಲ್ಲಿ ಬೆಳಗಿನ ಒಂದು ಗಂಟೆ ಅಲುಗಾಡದೆ ಕುಳಿತರೆ ಕುಟ್ರು, ಪಿಕಳಾರ, ಹಸಿರು ಪಾರಿವಾಳ, ಹೊನ್ನಕ್ಕಿ, ಕೆಂಜಳಿಲು ಇವೆಲ್ಲ ತಾವಾಗಿಯೇ ಬರುತ್ತವೆ. ಪಶ್ಚಿಮಘಟ್ಟವನ್ನು ಬಿಟ್ಟು ಬೇರೆಲ್ಲೂ ಕಾಣದ ಮಲಬಾರ್ ಬೂದು ಮಂಗಟ್ಟೆ ಮಾತ್ರ ಬರುವ ಮುಂಚೆಯೇ ತನ್ನ ಒರಟು ನಗೆಯಂಥ ಕೂಗಿನಿಂದ ಸುದ್ದಿ ಕಳಿಸುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಎಲೆ ಉದುರಿಸಿ ಕೆಂಪಗೆ ಹೂ ಬಿಡುವ ಹಾಲುವಾಣವಂತೂ ಭೀಮರಾಜ, ಮೈನಾ, ಸೂರಕ್ಕಿಗಳ ಸಂತೆ. ಎಲೆಗಳ ಅಡ್ಡಿಯಿಲ್ಲದ್ದರಿಂದ ಮಕ್ಕಳಿಗೂ ಹಕ್ಕಿ ಗುರುತಿಸುವುದು ಸುಲಭ. 8 ಪಟ್ಟು ಹಿಗ್ಗಿಸುವ ಸಾಧಾರಣ ದುರ್ಬೀನು ಇದಕ್ಕೆ ಸಾಕು. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಅದನ್ನು ಹತ್ತಿರ ಕರೆಯುವ ಚಾಳಿ ಈಚೆಗೆ ಹೆಚ್ಚಿದೆ. ಮರಿ ಮಾಡುವ ಕಾಲದಲ್ಲಿ ಅದು ಹಕ್ಕಿಗೆ ಕೊಡುವ ಹಿಂಸೆಯೇ ಸರಿ.

ತೋಟದಲ್ಲಿ ದೊಡ್ಡ ಪ್ರಾಣಿಗಳೇ ಇಲ್ಲವೆಂದಲ್ಲ, ಆದರೆ ಅವನ್ನು ಹುಡುಕಿಕೊಂಡು ಹೋಗಬಾರದು. ಸಕಲೇಶಪುರ, ಆಲೂರು, ಮೂಡಿಗೆರೆಯ ಕಡೆ ಕಾಡಾನೆಗಳು ಹಗಲೆಲ್ಲ ಕಾಫಿ ಗಿಡಗಳ ನಡುವೆಯೇ ನಿಂತಿರುವುದುಂಟು, ಕಾಡುಕೋಣವೂ ಅಷ್ಟೇ ಅಪಾಯದ್ದು. ಬೆಳಗಿನ ಜಾವ ಒಬ್ಬರೇ ಹೊರಡುವ ಬದಲು, ರಾತ್ರಿ ಆನೆ ಎಲ್ಲಿತ್ತೆಂದು ತೋಟದವರನ್ನು ಕೇಳಿ, ಅವರಲ್ಲೊಬ್ಬರು ಜೊತೆಗೆ ಬರುವುದಾದರೆ ಮಾತ್ರ ಹೋಗಬೇಕು. ಜೀಪಿನೊಳಗೆ ಕುಳಿತವನಿಗೆ ಈ ಚಿಂತೆಯಿಲ್ಲ ಎಂಬುದನ್ನೂ ಹೇಳಲೇಬೇಕು.

ಋತು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಬೇಸಿಗೆಯಲ್ಲಿ ಕೆರೆಗಳು ಬತ್ತಿ, ಉಳಿದ ನೀರಿಗೆ ಪ್ರಾಣಿಗಳು ಬರಲೇಬೇಕಾದಾಗ ಸಫಾರಿಗೆ ಸಮನಾದದ್ದಿಲ್ಲ. ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ನವರಂಗ ಮತ್ತು ನೊಣಹಿಡುಕಗಳು ಇಳಿದುಬಂದಾಗ ತೋಟ ತುಂಬಿರುತ್ತದೆ. ಮಳೆಗಾಲದಲ್ಲಿ ಗುಡ್ಡದ ಮೇಲೆ ಮಂಜಿನಿಂದ ಹತ್ತು ಹೆಜ್ಜೆಯಾಚೆಗೆ ಏನೂ ಕಾಣದು, ಸಫಾರಿಯಲ್ಲಿ ನೀರು ಎಲ್ಲೆಡೆ ಸಿಗುವುದರಿಂದ ಪ್ರಾಣಿಗಳು ಚದುರಿಹೋಗಿರುತ್ತವೆ. ಆಗಲೂ ತೋಟದ ಹಳ್ಳದ ಬದಿಯಲ್ಲಿ ಮಲಬಾರ್ ವಿಸ್ಲಿಂಗ್ ಥ್ರಶ್ ಸಿಳ್ಳೆ ಹಾಕುತ್ತದೆ, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೊರಟರೆ ಬಗೆಬಗೆಯ ಕಪ್ಪೆಗಳು ಸಿಗುತ್ತವೆ. ಉಂಬಳದ ಕಾಟಕ್ಕೆ ಹೆದರುವವರು ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆ ಹೋಗದಿರುವುದು ಒಳ್ಳೆಯದು.