ಕೋವಿಡ್ ಕಾಲದಲ್ಲಿ ಕಿಡ್ನಿ ಕಸಿ: ನಾವು ಕಂಡ ಸೇವೆ

ಹಾಸನದಲ್ಲಿರುವ ನನ್ನ ತಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಮನೆಯವರಲ್ಲಿ ಯಾರ ಕಿಡ್ನಿಯೂ ಹೊಂದಿಕೆಯಾಗದ ಕಾರಣ, ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಮೂಲಕ, ರಾಜ್ಯದಲ್ಲಿ ದಾನವಾಗಿ ಬಂದ ಅಂಗಗಳ ಹಂಚಿಕೆ ನೋಡಿಕೊಳ್ಳುವ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಅವನ ಹೆಸರು ಬರೆಸಿದ್ದೆವು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾಯಿತು. ಅಲ್ಲಿಂದ ಮುಂದೆ ಈ ಸೇವೆ ಹೇಗೆ ನಡೆಯಿತೆಂಬುದನ್ನು, ಇಂದು ಅದೇ ಪಟ್ಟಿಯಲ್ಲಿ ಕಾಯುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ಕೆಲವು ತಿಂಗಳು ಕಸಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಮಿದುಳು ನಿಷ್ಕ್ರಿಯಗೊಂಡವರಿಂದ ಅಂಗ ದೊರೆಯಬೇಕಾದರೆ ಐಸಿಯು ಹಾಸಿಗೆ, ವೆಂಟಿಲೇಟರ್, ಪರೀಕ್ಷಿಸಿ ದೃಢೀಕರಿಸುವ ವೈದ್ಯರ ತಂಡ ಎಲ್ಲವೂ ಬೇಕು. ಆಗ ಅವೆಲ್ಲ ಕೋವಿಡ್ ರೋಗಿಗಳಿಗೇ ಸಾಲದಾಗಿದ್ದವು. ಕಸಿಯಾದವರಿಗೆ ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ಕೊಡಬೇಕಾದ್ದರಿಂದ, ಸೋಂಕು ತಗುಲಿದರೆ ಅಪಾಯವೂ ಹೆಚ್ಚು. ಯಕೃತ್ತು ಹಠಾತ್ತನೆ ಕೈಕೊಟ್ಟವರು ಕಾಯಲಾರರು, ಕಿಡ್ನಿಯವರಿಗೆ ಡಯಾಲಿಸಿಸ್ ಆಸರೆಯಿದೆ ಎಂಬ ಲೆಕ್ಕ ನ್ಯಾಯವಾದದ್ದೇ.

ಆದರೆ ಆಸ್ಪತ್ರೆ ಆ ಲೆಕ್ಕವನ್ನು ನಮಗೆ ಹೇಳಲಿಲ್ಲ. ಕಸಿ ಸದ್ಯಕ್ಕೆ ನಿಂತಿದೆ ಎಂಬುದು ಆಗಸ್ಟಿನಲ್ಲಿ ನಾವಾಗಿಯೇ ಫೋನ್ ಮಾಡಿದಾಗ ತಿಳಿಯಿತು. ಅಲ್ಲಿಯವರೆಗೆ ಐದು ತಿಂಗಳು, ರಾತ್ರಿ ಕರೆ ಬಂದೀತೆಂದು ತಮ್ಮ ಫೋನನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದ. ಈ ಸೇವೆಯಲ್ಲಿ ನಾನು ಕಂಡ ದೊಡ್ಡ ಲೋಪ ಇದು. ಇದನ್ನು ಸರಿಪಡಿಸಲು ಒಂದು ಎಸ್‌ಎಂಎಸ್ ಸಾಕಿತ್ತು.

ಕರೆ ಬಂದದ್ದು 2021ರ ಜನವರಿಯಲ್ಲಿ. ಏನನ್ನೂ ತಿನ್ನದೆ ಕುಡಿಯದೆ ಕೂಡಲೇ ಹೊರಟು ಬನ್ನಿ ಎಂಬ ಹಳೆಯ ಸೂಚನೆಯ ಜೊತೆಗೆ ಈಗ ಆರ್‌ಟಿಪಿಸಿಆರ್ ಪರೀಕ್ಷೆಯೂ ಸೇರಿತ್ತು. ದಾನಿಯ ಪರೀಕ್ಷೆ ಮೊದಲೇ ಮುಗಿದು ಸೋಂಕಿಲ್ಲವೆಂದು ಖಚಿತವಾಗಿತ್ತು. ತಮ್ಮನ ವರದಿ ಬರುವವರೆಗೆ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದರು. ಶೀತದಲ್ಲಿಟ್ಟ ಕಿಡ್ನಿ ಸುಮಾರು ಒಂದು ದಿನ ತಾಳುತ್ತದೆ, ಹೃದಯವಾದರೆ ನಾಲ್ಕೈದು ಗಂಟೆಗಿಂತ ಹೆಚ್ಚು ಕಾಯಲಾಗದು ಎಂದು ಕಸಿ ಸಂಯೋಜಕಿ ಸಮಾಧಾನವಾಗಿ ವಿವರಿಸಿದರು. ಜೊತೆಗಿರಲು ಒಬ್ಬರಿಗೆ ಮಾತ್ರ ಅನುಮತಿ. ನಡುವೆ ಬದಲಾಗುವಂತೆಯೂ ಇರಲಿಲ್ಲ. ಊರಿನಲ್ಲಿದ್ದ ಅಮ್ಮನಿಗೆ ವಿಡಿಯೋ ಕರೆ ಮಾಡಿ, ಮೂತ್ರದ ಚೀಲ ತುಂಬುತ್ತಿರುವುದನ್ನು ನರ್ಸ್ ತಾವೇ ಫೋನ್ ಹಿಡಿದು ತೋರಿಸಿದರು. ಎರಡು ವರ್ಷದಿಂದ ಮೂತ್ರವೇ ಇಳಿಯದಿದ್ದ ಮಗನ ತಾಯಿಗೆ ಅದಕ್ಕಿಂತ ದೊಡ್ಡ ಸುದ್ದಿ ಇರಲಿಲ್ಲ.

ಅತ್ಯುತ್ತಮವಾಗಿ ನಡೆದದ್ದು ಆಮೇಲಿನ ಆರೈಕೆ. ಏಪ್ರಿಲ್‌ನಲ್ಲಿ ಎರಡನೇ ಅಲೆ ಎದ್ದಾಗ ಬೆಂಗಳೂರಿಗೆ ಬರಲೇಬೇಡಿ ಎಂದು ವೈದ್ಯರೇ ತಡೆದರು. ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್ ಮಾತ್ರೆಯ ಪ್ರಮಾಣ ರಕ್ತದಲ್ಲಿ ಎಷ್ಟಿದೆಯೆಂದು ನೋಡಲು, ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆ ಕಳೆದ ಮೇಲೆ, ಬೆಳಗಿನ ಮಾತ್ರೆಗೆ ಮೊದಲು ರಕ್ತ ಕೊಡಬೇಕು. ತಮ್ಮ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹಾಸನದ ಲ್ಯಾಬ್‌ಗೆ ಹೋಗಿ, ರಕ್ತ ಕೊಟ್ಟು ಅಲ್ಲೇ ನುಂಗುತ್ತಿದ್ದ. ಮಾದರಿ ಬೆಂಗಳೂರಿಗೆ ಹೋಗಿ ವರದಿ ಬರಲು ಎರಡು ದಿನ ಹಿಡಿಯುತ್ತಿತ್ತೆಂಬುದೊಂದೇ ಕೊರತೆ. ವರದಿ ನೋಡಿದ ವೈದ್ಯರು, ಮಾತ್ರೆಯ ಪಟ್ಟಿಯನ್ನು ಕ್ಯಾಮೆರಾಕ್ಕೆ ಹಿಡಿಸಿ ಮಿಲಿಗ್ರಾಂ ಓದಿಸಿಕೊಂಡ ಮೇಲೆಯೇ ಪ್ರಮಾಣ ಬದಲಿಸುತ್ತಿದ್ದರು. ಈ ಎಚ್ಚರಿಕೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ನಮಗೆ ಕಿಡ್ನಿ ಕೊಟ್ಟ ಮನೆಯವರು ಯಾರೆಂದು ನಮಗೆ ತಿಳಿಯದು. ಅದೇ ವರ್ಷ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ, ಅವರ ಅಂಗಗಳನ್ನು ಕುಟುಂಬದವರು ದಾನ ಮಾಡಿದರೆಂಬ ಸುದ್ದಿಯನ್ನು ಟಿವಿಯಲ್ಲಿ ನೋಡುತ್ತಿದ್ದ ತಮ್ಮ ಎದ್ದು ಹೊರಗೆ ಹೋದ. ಬಂಧುಗಳು ಒಟ್ಟಿಗೆ ಕೂತು ಅಳಲೂ ಆಗದ ಆ ದಿನಗಳಲ್ಲಿ ಒಪ್ಪಿಗೆಯ ಸಹಿ ಹಾಕಿದ ಪ್ರತಿ ಮನೆಗೂ ನಾವು ಋಣಿಗಳು.

ಈಗ ಹೆಸರು ನೋಂದಾಯಿಸಿರುವವರು ತಿಂಗಳಿಗೊಮ್ಮೆ ಕಸಿ ಸಂಯೋಜಕರಿಗೆ ಫೋನ್ ಮಾಡಿ, ‘ನಮ್ಮ ಹೆಸರು ಪಟ್ಟಿಯಲ್ಲಿ ಚಾಲ್ತಿಯಲ್ಲಿದೆಯೇ, ತಡೆಹಿಡಿಯಲಾಗಿದೆಯೇ’ ಎಂದು ಇದೇ ಮಾತುಗಳಲ್ಲಿ ಕೇಳಿ. ಮನೆಯಲ್ಲಿ ಇನ್ನೊಬ್ಬರ ಫೋನ್ ನಂಬರನ್ನೂ ಬರೆಸಿಡಿ.